ತಟ್ಟೆಯಲ್ಲಿ ನಡುಮಿದುಳು: ಡೋಪಮೈನ್ ನರಕೋಶ ಬೆಳೆಸುವ ಬಗೆ

ಡೋಪಮೈನ್ ಅಪರೂಪದ ವಸ್ತುವೇನಲ್ಲ. ದೊಡ್ಡ ಆಸ್ಪತ್ರೆಗಳ ಐಸಿಯುನಲ್ಲಿ ಸಣ್ಣ ಗಾಜಿನ ಆಂಪ್ಯೂಲ್‌ಗಳಲ್ಲಿ ಸಿಗುತ್ತದೆ. ರಕ್ತದೊತ್ತಡ ಕುಸಿದವರಿಗೆ ಡ್ರಿಪ್‌ನಲ್ಲಿ ಹನಿಹನಿಯಾಗಿ ಕೊಡುತ್ತಾರೆ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿರುವವರಿಗೆ ಅದೇ ಡ್ರಿಪ್ ಹಾಕಿದರೆ ಮಾತ್ರ ನಡುಕ ಒಂದಿಷ್ಟೂ ಇಳಿಯುವುದಿಲ್ಲ. ರಕ್ತದಲ್ಲಿರುವ ಡೋಪಮೈನನ್ನು ಮಿದುಳಿನ ರಕ್ತನಾಳಗಳ ಒಳಗೋಡೆ ಒಳಕ್ಕೆ ಬಿಡುವುದೇ ಇಲ್ಲ. ಬಿಟ್ಟರೂ ಸಮಸ್ಯೆ ಮುಗಿಯದು, ಏಕೆಂದರೆ ರೋಗಿಯ ಮಿದುಳಿನಲ್ಲಿ ಇಲ್ಲವಾಗಿರುವುದು ಡೋಪಮೈನನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ, ಬೇಕಾದಷ್ಟೇ ಬಿಡುವ ನರಕೋಶ. ಅಂಥ ನರಕೋಶವನ್ನು ಮನುಷ್ಯರ ಆಕರಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ, ಪ್ರಯೋಗಾಲಯದಲ್ಲಿ ಬೆಳೆಸುವ ಕೆಲಸ ಇಪ್ಪತ್ತೈದು ವರ್ಷಗಳಿಂದ ನಡೆದಿದೆ. ಹೊರಗಿನಿಂದ ನೋಡುವವರಿಗೆ ಡೋಪಮೈನ್ ತಯಾರಿಸುವ ಕೋಶವನ್ನು ಮಾಡುವುದೇ ದೊಡ್ಡ ಸಾಹಸ ಅನ್ನಿಸುತ್ತದೆ. ಅದು ಬೇಗ ಆಗಿಹೋಯಿತು. ಆ ಕೋಶ ಮಿದುಳಿನ ಯಾವ ಭಾಗದ್ದು ಎಂಬುದನ್ನು ಸರಿಪಡಿಸುವುದಕ್ಕೆ ಹತ್ತು ವರ್ಷಗಳ ಮೇಲೆ ಹಿಡಿಯಿತು.

ರೀಲ್ಸ್ ನೋಡಿದರೆ ಡೋಪಮೈನ್, ಮೊಬೈಲ್ ಬದಿಗಿಟ್ಟರೆ ಡೋಪಮೈನ್ ಡಿಟಾಕ್ಸ್ ಎಂದು ಈಗ ಎಲ್ಲೆಲ್ಲೂ ಕೇಳಿಬರುತ್ತಿರುವುದರಿಂದ, ಅದು ಬರೀ ಖುಷಿಯ ರಾಸಾಯನಿಕ ಎಂಬ ಕಲ್ಪನೆ ಬೇರೂರಿದೆ. ನಡುಮಿದುಳಿನಲ್ಲಿ ಡೋಪಮೈನ್ ಕೋಶಗಳ ಕೆಲವು ಗುಂಪುಗಳಿವೆ. 1964ರಲ್ಲಿ ಸ್ವೀಡನ್ನಿನ ಡಾಲ್‌ಸ್ಟ್ರಾಮ್ ಮತ್ತು ಫುಕ್ಸೆ ಅವಕ್ಕೆ ಎ8, ಎ9, ಎ10 ಎಂದು ಗುರುತು ಕೊಟ್ಟರು. ಆಸೆ, ಪ್ರತಿಫಲ, ಚಟ ಇವುಗಳ ಮಾತು ಬಂದಾಗ ಮುಖ್ಯವಾಗಿ ಎ10 ಗುಂಪಿನತ್ತ ಬೆರಳು ತೋರಬೇಕು. ಪಾರ್ಕಿನ್ಸನ್‌ನಲ್ಲಿ ಹೆಚ್ಚಾಗಿ ಸಾಯುವುದು ಅದರ ನೆರೆಯ ಎ9. ಮಿದುಳನ್ನು ಕತ್ತರಿಸಿ ನೋಡಿದರೆ ಬರಿಗಣ್ಣಿಗೇ ಕಪ್ಪಾಗಿ ಕಾಣುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪಟ್ಟಿಯಲ್ಲಿ ಇವು ಇರುತ್ತವೆ. ಮನುಷ್ಯರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಈ ಪಟ್ಟಿಯಲ್ಲಿರುವವು ಕೆಲವು ಲಕ್ಷ ಮಾತ್ರ. ಆದರೆ ಒಂದೊಂದು ಕೋಶದ ತಂತುವೂ ಕವಲೊಡೆದು ಹರಡಿ ಬೇರೆ ಕೋಶಗಳೊಡನೆ ಹತ್ತು ಲಕ್ಷಕ್ಕೂ ಹೆಚ್ಚು ಸಂಧಿಗಳನ್ನು ಕಟ್ಟುತ್ತದೆ ಎಂಬ ಅಂದಾಜಿದೆ. ಇಷ್ಟು ದೊಡ್ಡ ಸಂಸಾರ ತೂಗಿಸುವ ಕೋಶ ಬೇಗ ದಣಿಯುವುದರಲ್ಲಿ ಆಶ್ಚರ್ಯವಿಲ್ಲ. ಕೈನಡುಕ, ಬಿಗಿತ, ನಿಧಾನ ಕಾಣಿಸಿಕೊಳ್ಳುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಕೋಶಗಳು ಹೋಗಿರುತ್ತವೆ.

ಇದಕ್ಕೆ ಔಷಧಿ ಇಲ್ಲವೆಂದಲ್ಲ. ಡೋಪಮೈನ್ ಮಿದುಳಿನೊಳಗೆ ಹೋಗದಿದ್ದರೂ ಅದರ ಹಿಂದಿನ ರೂಪವಾದ ಎಲ್-ಡೋಪಾ ಹೋಗುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ ಅದು ಧಾರಾಳವಾಗಿದೆ. ಆ ಬೀಜದಿಂದ ಎಲ್-ಡೋಪಾವನ್ನು ಬೇರ್ಪಡಿಸಿದ ವರದಿಯನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಪ್ರಕಟಿಸಿದ್ದರು. ಅದು ಪಾರ್ಕಿನ್ಸನ್‌ಗೆ ಮದ್ದಾಗಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಡೋಪಮೈನ್ ಮಿದುಳಿನ ಸಂದೇಶವಾಹಕ ಎಂದು ಅರ್ವಿಡ್ ಕಾರ್ಲ್‌ಸನ್ ತೋರಿಸಿದ್ದು 1950ರ ದಶಕದ ಕೊನೆಯಲ್ಲಿ, ಎಲ್-ಡೋಪಾ ಗುಳಿಗೆಯ ಚಿಕಿತ್ಸೆ ಗಟ್ಟಿಯಾಗಿ ನೆಲೆಯೂರಿದ್ದು 1967ರ ನಂತರ. ನಮ್ಮಲ್ಲಿ ಪಾರ್ಕಿನ್ಸನ್ ಇರುವ ಮನೆಗಳಲ್ಲಿ ಸಿಂಡೋಪಾ ಎಂಬ ಹೆಸರು ಎಲ್ಲರಿಗೂ ಗೊತ್ತು. ಅದರಲ್ಲಿರುವುದು ಇದೇ ಎಲ್-ಡೋಪಾ, ಜೊತೆಗೆ ಅದು ದಾರಿಯಲ್ಲೇ ಖರ್ಚಾಗದಂತೆ ಕಾಯುವ ಕಾರ್ಬಿಡೋಪಾ. ಮೊದಲ ಕೆಲವು ವರ್ಷ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ದಿನವೆಂಬುದು ‘ಆನ್’ ಮತ್ತು ‘ಆಫ್’ ಹೊತ್ತುಗಳಾಗಿ ಹೋಳಾಗುತ್ತದೆ: ಗುಳಿಗೆ ಏರಿದಾಗ ಬೇಡದ ತಿರುಚಾಟ, ಇಳಿದಾಗ ಕುರ್ಚಿಯಿಂದ ಏಳಲಾಗದ ಸ್ಥಿತಿ. ಹೊರಗಿನಿಂದ ಕೊಟ್ಟದ್ದು ಏರಿಳಿಯುತ್ತದೆ. ಆರೋಗ್ಯವಂತ ಎ9 ಕೋಶ ಯಾರೂ ಹೇಳದಿದ್ದರೂ ಸೆಕೆಂಡಿಗೆ ಒಂದೆರಡು ಬಾರಿಯಂತೆ ಮಿಡಿಯುತ್ತ ಒಂದು ಸಮ ಹದದಲ್ಲಿ ಡೋಪಮೈನ್ ಬಿಡುತ್ತಿರುತ್ತದೆ. ಗುಳಿಗೆಗೆ ಅದು ಸಾಧ್ಯವಿಲ್ಲ.

ಹಾಗಾದರೆ ಕೋಶವನ್ನೇ ಹಾಕಿದರೆ? ಸ್ವೀಡನ್ನಿನ ಲುಂಡ್‌ನಲ್ಲಿ ಆಂಡರ್ಸ್ ಬ್ಯೋರ್ಕ್ಲುಂಡ್, ಉಲ್ಲೆ ಲಿಂಡ್ವಾಲ್ ಮತ್ತು ಜೊತೆಗಾರರು 1987ರಲ್ಲಿ ಅದನ್ನು ಮಾಡಿದರು. ಗರ್ಭಪಾತವಾದ ಭ್ರೂಣಗಳ ನಡುಮಿದುಳಿನ ತುಣುಕನ್ನು ರೋಗಿಗಳ ಮಿದುಳಿಗೆ ಕಸಿ ಮಾಡಿದರು. ಮುಂದಿನ ವರ್ಷಗಳಲ್ಲಿ ಇಂಥ ಕಸಿ ಪಡೆದ ಕೆಲವರಿಗೆ ವರ್ಷಗಟ್ಟಲೆ ಫಲ ಸಿಕ್ಕಿತು. ಉಳಿದವರಿಗೆ ಸಿಗಲಿಲ್ಲ. ಅಮೆರಿಕದಲ್ಲಿ 2001 ಮತ್ತು 2003ರಲ್ಲಿ ಪ್ರಕಟವಾದ ಎರಡು ಕಟ್ಟುನಿಟ್ಟಿನ ಪ್ರಯೋಗಗಳು ತಮ್ಮ ಮುಖ್ಯ ಗುರಿ ಮುಟ್ಟಲಿಲ್ಲ. ಅಷ್ಟೇ ಅಲ್ಲ, ಗುಳಿಗೆ ನಿಲ್ಲಿಸಿದಾಗಲೂ ಬಿಡದ ತಿರುಚಾಟ ಕೆಲವರಿಗೆ ಅಂಟಿಕೊಂಡಿತು. ಒಬ್ಬ ರೋಗಿಗೆ ಹಲವು ಭ್ರೂಣಗಳು ಬೇಕು, ಅವೆಲ್ಲ ಒಂದೇ ವಾರದಲ್ಲಿ ಸಿಗಬೇಕು, ಪ್ರತಿ ತುಣುಕಿನಲ್ಲೂ ಏನೇನು ಕೋಶಗಳಿವೆ ಎಂದು ಮೊದಲೇ ತಿಳಿಯದು. ನೈತಿಕ ಪ್ರಶ್ನೆಯನ್ನು ಪಕ್ಕಕ್ಕಿಟ್ಟರೂ ಇದು ಸಾವಿರಾರು ಜನರಿಗೆ ಕೊಡಬಹುದಾದ ಚಿಕಿತ್ಸೆಯಾಗಿರಲಿಲ್ಲ. ಆದರೂ ಕಸಿ ಮಾಡಿದ ಕೋಶ ಮನುಷ್ಯರ ಮಿದುಳಿನಲ್ಲಿ ಬದುಕುತ್ತದೆ, ಸಂಪರ್ಕ ಕಟ್ಟುತ್ತದೆ ಎಂಬುದು ಇದರಿಂದಲೇ ಗೊತ್ತಾಯಿತು.

ಮನುಷ್ಯ ಭ್ರೂಣದ ಆಕರಕೋಶಗಳನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮೊದಲು ಬೇರ್ಪಡಿಸಿದ್ದು 1998ರಲ್ಲಿ. 2007ರಲ್ಲಿ ಕ್ಯೋಟೋದ ಶಿನ್ಯಾ ಯಮನಾಕ ವಯಸ್ಕರ ಚರ್ಮದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅದನ್ನು ಅಂಥದೇ ಸ್ಥಿತಿಗೆ ಹಿಮ್ಮರಳಿಸಿದರು. ಅವೇ ಐಪಿಎಸ್ ಕೋಶಗಳು. ಎರಡೂ ಬಗೆಯವು ಎಷ್ಟು ಬೇಕಾದರೂ ದ್ವಿಗುಣಗೊಳ್ಳುತ್ತವೆ, ದೇಹದ ಯಾವ ಕೋಶ ಬೇಕಾದರೂ ಆಗಬಲ್ಲವು.

ಮೊದಲ ಪ್ರಯತ್ನಗಳು ಸೊಗಸಾಗಿ ಕಂಡವು. 2000ದ ಹೊತ್ತಿಗೆ ಜಪಾನಿನ ಯೋಶಿಕಿ ಸಸಾಯಿ ಅವರ ತಂಡ ಇಲಿಯ ಆಕರಕೋಶಗಳನ್ನು ಬೇರೊಂದು ಪೋಷಕ ಕೋಶದ ಹಾಸಿನ ಮೇಲೆ ಬೆಳೆಸಿ ಡೋಪಮೈನ್ ನರಕೋಶ ಪಡೆಯಿತು; ಕೆಲವು ವರ್ಷಗಳಲ್ಲಿ ಮನುಷ್ಯರ ಕೋಶದಿಂದಲೂ ಅದು ಸಾಧ್ಯವಾಯಿತು. ಸಾಕ್ಷಿ ಏನು? ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಎಲ್-ಡೋಪಾ ಮಾಡುವ ಕಿಣ್ವ, ಟೈರೋಸಿನ್ ಹೈಡ್ರಾಕ್ಸಿಲೇಸ್. ಅದಕ್ಕೆ ಅಂಟುವ ಬಣ್ಣ ಹಾಕಿದರೆ ಕೋಶಗಳು ಸೂಕ್ಷ್ಮದರ್ಶಕದಡಿ ಹೊಳೆಯುತ್ತವೆ. ಹೊಳೆದವು. ದ್ರವದಲ್ಲಿ ಡೋಪಮೈನ್ ಕೂಡ ಸಿಕ್ಕಿತು. ಆದರೆ ಇವನ್ನು ಪಾರ್ಕಿನ್ಸನ್ ಲಕ್ಷಣಗಳಿರುವ ಇಲಿಗಳ ಮಿದುಳಿಗೆ ಹಾಕಿದಾಗ ಡೋಪಮೈನ್ ಕೋಶಗಳಲ್ಲಿ ಬಹುಪಾಲು ಸತ್ತವು, ಜೊತೆಗಿದ್ದ ಬೇರೆ ಕೋಶಗಳು ಕೆಲವೊಮ್ಮೆ ಅಡ್ಡಾದಿಡ್ಡಿ ಬೆಳೆದವು. ಈ ಕಿಣ್ವ ಇರುವ ಕೋಶಗಳು ಮಿದುಳಿನ ಬೇರೆ ಜಾಗಗಳಲ್ಲೂ ಇವೆ, ಮೂಗಿಗೆ ಸಂಬಂಧಿಸಿದ ಭಾಗದಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ಕೂಡ. ತಟ್ಟೆಯಲ್ಲಿ ಹುಟ್ಟಿದವು ಡೋಪಮೈನ್ ಕೋಶಗಳೇ, ನಡುಮಿದುಳಿನವಾಗಿರಲಿಲ್ಲ.

ಹೀಗಾಗಿ ಭ್ರೂಣ ಈ ಕೋಶವನ್ನು ಹೇಗೆ ಮಾಡುತ್ತದೆ ಎಂಬಲ್ಲಿಗೇ ಹಿಂತಿರುಗಬೇಕಾಯಿತು. ಗರ್ಭದ ನಾಲ್ಕನೆಯ ವಾರದ ಹೊತ್ತಿಗೆ ಮುಂದೆ ಮಿದುಳು-ಬೆನ್ನುಹುರಿ ಆಗಬೇಕಾದ ಹಾಳೆ ಸುರುಳಿಕೊಂಡು ನರನಾಳವಾಗುತ್ತದೆ. ಈ ನಾಳದಲ್ಲಿರುವ ಪ್ರತಿ ಕೋಶಕ್ಕೂ ಎರಡು ಸಂಗತಿ ತಿಳಿಯಬೇಕು: ತಲೆಯಿಂದ ಬಾಲದತ್ತ ಹೋಗುವ ಗೆರೆಯಲ್ಲಿ ತಾನು ಎಷ್ಟು ಹಿಂದೆ ಇದ್ದೇನೆ, ಮತ್ತು ನಾಳದ ಮೇಲುಭಾಗಕ್ಕೆ ಹತ್ತಿರವೋ ತಳಕ್ಕೆ ಹತ್ತಿರವೋ. ಇದನ್ನು ತಿಳಿಸುವುದು ನೆರೆಯ ಅಂಗಾಂಶಗಳಿಂದ ಹರಡಿಬರುವ ಪ್ರೋಟೀನ್‌ಗಳು. ಹತ್ತಿರದಲ್ಲಿ ಅವು ದಟ್ಟ, ದೂರದಲ್ಲಿ ವಿರಳ. ಆ ದಟ್ಟಣೆಯನ್ನೇ ಅಳತೆಗೋಲು ಮಾಡಿಕೊಂಡು ಕೋಶ ತನ್ನ ಜಾಗ ಗುರುತಿಸಿಕೊಳ್ಳುತ್ತದೆ. ಎ9 ಕೋಶಗಳು ಹುಟ್ಟುವ ಜಾಗ ನಡುಮಿದುಳಿನ ಕಟ್ಟಕಡೆಯ ತಳ, ನಾಳದ ತಳಪಟ್ಟಿ. ಇಲ್ಲೊಂದು ವಿಚಿತ್ರವಿದೆ. ಬೇರೆ ಎಲ್ಲ ಕಡೆ ತಳಪಟ್ಟಿ ನರಕೋಶ ಹುಟ್ಟಿಸುವುದಿಲ್ಲ, ಸುತ್ತಲಿನವಕ್ಕೆ ಸಂಕೇತ ಕೊಡುವುದಷ್ಟೇ ಅದರ ಕೆಲಸ ಎಂದು ತಿಳಿಯಲಾಗಿತ್ತು. ನಡುಮಿದುಳಿನಲ್ಲಿ ಮಾತ್ರ ತಳಪಟ್ಟಿಯೇ ಡೋಪಮೈನ್ ಕೋಶಗಳಿಗೆ ಜನ್ಮ ಕೊಡುತ್ತದೆ ಎಂಬುದು 2007ರ ಸುಮಾರಿಗೆ ಸ್ಪಷ್ಟವಾಯಿತು. ಅಲ್ಲಿಯವರೆಗೆ ಎಲ್ಲರೂ ತಪ್ಪು ತಾಯಿಕೋಶದಿಂದ ಸರಿಯಾದ ಮಗುವನ್ನು ಪಡೆಯಲು ಹೆಣಗುತ್ತಿದ್ದರು.

ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಲೊರೆನ್ಜ್ ಸ್ಟೂಡರ್ ಅವರ ಗುಂಪು 2009 ಮತ್ತು 2011ರಲ್ಲಿ ಪ್ರಕಟಿಸಿದ ಎರಡು ಕೆಲಸಗಳು ಈ ಗಂಟು ಬಿಡಿಸಿದವು. ಮೊದಲನೆಯದು ಆಕರಕೋಶವನ್ನು ನರಕೋಶದ ದಾರಿಗೆ ಹಚ್ಚುವ ಸರಳ ಉಪಾಯ. ಕಪ್ಪೆಯ ಭ್ರೂಣಗಳಲ್ಲಿ ಮೊದಲೇ ಕಂಡಿದ್ದ ವಿಷಯವೆಂದರೆ, ನರಕೋಶವಾಗು ಎಂದು ಯಾರೂ ಒತ್ತಾಯಿಸಬೇಕಿಲ್ಲ. ಚರ್ಮವಾಗು, ಸ್ನಾಯುವಾಗು ಎನ್ನುವ ಕೂಗುಗಳನ್ನು ಅಡಗಿಸಿದರೆ ಕೋಶ ತಾನಾಗಿಯೇ ಆ ಕಡೆ ಹೊರಳುತ್ತದೆ. ಬಿಎಂಪಿ ಮತ್ತು ಟಿಜಿಎಫ್-ಬೀಟಾ ಕುಟುಂಬದ ಎರಡು ಸಂಕೇತಗಳು ಎಸ್‌ಮ್ಯಾಡ್ ಎಂಬ ಪ್ರೋಟೀನ್‌ಗಳ ಮೂಲಕ ಕೋಶದೊಳಗೆ ಸುದ್ದಿ ಮುಟ್ಟಿಸುತ್ತವೆ. ಎರಡನ್ನೂ ಒಟ್ಟಿಗೆ ತಡೆದಾಗ ತಟ್ಟೆಯಲ್ಲಿನ ಕೋಶಗಳಲ್ಲಿ ಹೆಚ್ಚಿನವು ಸುಮಾರು ಹನ್ನೊಂದು ದಿನಗಳಲ್ಲಿ ನರ ಪೂರ್ವಜ ಕೋಶಗಳು, ಅಂದರೆ ಮುಂದೆ ನರಕೋಶ ಹುಟ್ಟಿಸುವ ಕೋಶಗಳು, ಆದವು. ಪೋಷಕ ಕೋಶದ ಹಾಸು ಬೇಡ, ಅದೃಷ್ಟದ ಮೇಲೆ ಭಾರ ಹಾಕುವುದೂ ಬೇಡ. ಈಗ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಯಾವ ನರಕೋಶ ಬೆಳೆಸುವುದಿದ್ದರೂ ಮೊದಲ ಹೆಜ್ಜೆ ಇದೇ.

ಹೀಗೆ ಸುಮ್ಮನೆ ಬಿಟ್ಟರೆ ಕೋಶ ತನ್ನನ್ನು ಮುಮ್ಮಿದುಳಿನದು ಎಂದುಕೊಳ್ಳುತ್ತದೆ. ಅದನ್ನು ತಳಕ್ಕೆ ಇಳಿಸಲು ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನ್ ಬೇಕು. ಹೌದು, ವಿಡಿಯೋ ಗೇಮಿನ ಮುಳ್ಳುಹಂದಿಯ ಹೆಸರೇ; ಜೀವವಿಜ್ಞಾನಿಗಳಿಗೆ ಹೆಸರಿಡುವ ಕೆಲಸ ವಹಿಸಿದರೆ ಹೀಗಾಗುತ್ತದೆ. ಹಿಂದಕ್ಕೆ ಸರಿಸಲು ವಿಂಟ್ ಎಂಬ ಸಂಕೇತ ಬೇಕು. ಅದರ ಪ್ರೋಟೀನನ್ನೇ ಸುರಿಯುವ ಬದಲು ಸಿಎಚ್‌ಐಆರ್99021 ಎಂಬ ಸಣ್ಣ ಅಣುವನ್ನು ಹಾಕುತ್ತಾರೆ. ಅದು ಜಿಎಸ್‌ಕೆ3 ಎಂಬ ಕಿಣ್ವವನ್ನು ತಡೆದು, ವಿಂಟ್ ಬಂದಿದೆ ಎಂದು ಕೋಶವನ್ನು ನಂಬಿಸುತ್ತದೆ. 2011ರ ಸಂಶೋಧನೆಯ ಗುಟ್ಟು ಈ ಅಣುವಿನಲ್ಲಿತ್ತು. ಇದನ್ನು ಹಾಕಿದಾಗ ತಳಪಟ್ಟಿಯ ಗುರುತಾದ ಫಾಕ್ಸ್‌ಎ2 ಮತ್ತು ಡೋಪಮೈನ್ ದಾರಿಯ ಗುರುತಾದ ಎಲ್‌ಎಂಎಕ್ಸ್1ಎ ಒಂದೇ ಕೋಶದಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಆ ಕೋಶಗಳು ತಟ್ಟೆಯಲ್ಲಿ ಬಲಿತ ಮೇಲೆ ಸೆಕೆಂಡಿಗೆ ಒಂದರಿಂದ ಮೂರು ಬಾರಿ ತಾವಾಗಿಯೇ ಮಿಡಿದವು, ಇಲಿಗಳಲ್ಲಿ ಬದುಕಿದವು, ಮಂಗಗಳಲ್ಲೂ ಬದುಕಿದವು.

ವಿಂಟ್‌ನ ಪ್ರಮಾಣ ಎಷ್ಟು ನಾಜೂಕಿನದು ಎಂಬುದನ್ನು ಲುಂಡ್‌ನ ಮಾಲಿನ್ ಪಾರ್ಮರ್, ಆಗ್ನೆಟೆ ಕಿರ್ಕೆಬಿ ಮತ್ತಿತರರು 2012ರಲ್ಲಿ ತೋರಿಸಿದರು. ಸಿಎಚ್‌ಐಆರ್ ಹಾಕದಿದ್ದರೆ ಮುಮ್ಮಿದುಳು. ಸ್ವಲ್ಪ ಹಾಕಿದರೆ ನಡುಮಿದುಳು. ಇನ್ನೂ ಸ್ವಲ್ಪ ಹೆಚ್ಚಾದರೆ ಹಿಮ್ಮಿದುಳು. ಇಲ್ಲಿ ‘ಸ್ವಲ್ಪ’ ಅಂದರೆ ಒಂದು ಮೈಕ್ರೋಮೋಲಾರ್‌ನಲ್ಲಿ (ದ್ರವದಲ್ಲಿ ವಸ್ತು ಎಷ್ಟು ದಟ್ಟ ಎಂದು ಹೇಳುವ ಅತಿ ಸಣ್ಣ ಅಳತೆ) ಹತ್ತನೆಯ ಒಂದೆರಡು ಪಾಲು. ಒಂದು ಪ್ರಯೋಗಾಲಯದ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆಕರಕೋಶದ ತಳಿ, ದ್ರವ, ತಟ್ಟೆಗೆ ಬಳಿದ ಪ್ರೋಟೀನ್ ಬದಲಾದರೆ ಮತ್ತೆ ಮೊದಲಿಂದ ಅಳೆಯಬೇಕು.

ನಡುಮಿದುಳು ಎಂದು ಗೊತ್ತಾದರೆ ಸಾಕೇ? ಸಾಲದು. ಲುಂಡ್ ಗುಂಪು ಹಲವು ಬಾರಿ ತಯಾರಿಸಿದ ಕೋಶಗಳನ್ನು ಇಲಿಗಳಿಗೆ ಕಸಿ ಮಾಡಿ, ಯಾವ ಬಾರಿಯದು ಚೆನ್ನಾಗಿ ಡೋಪಮೈನ್ ಕೋಶ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಹಿಂದಕ್ಕೆ ಹೋಗಿ ತಾಳೆ ನೋಡಿತು. 2017ರಲ್ಲಿ ಹೊರಬಂದ ಫಲಿತಾಂಶ ಈ ಕ್ಷೇತ್ರದವರನ್ನು ಸ್ವಲ್ಪ ಇಕ್ಕಟ್ಟಿಗೆ ಸಿಕ್ಕಿಸಿತು. ಎಲ್ಲರೂ ನೆಚ್ಚಿಕೊಂಡಿದ್ದ ಫಾಕ್ಸ್‌ಎ2, ಎಲ್‌ಎಂಎಕ್ಸ್1ಎ ಗುರುತುಗಳು ಒಳ್ಳೆಯ ಮತ್ತು ಕೆಟ್ಟ ತಯಾರಿಗಳೆರಡರಲ್ಲೂ ಅಷ್ಟೇ ಇದ್ದವು! ನಡುಮಿದುಳಿನ ಸ್ವಲ್ಪ ಮುಂದಿರುವ, ಸಬ್‌ಥಲಾಮಿಕ್ ಕೇಂದ್ರವಾಗಿ ಬೆಳೆಯುವ ಪೂರ್ವಜ ಕೋಶಗಳಲ್ಲೂ ಇವೇ ಗುರುತುಗಳಿವೆ. ಅವು ಡೋಪಮೈನ್ ಬಿಡುವುದಿಲ್ಲ, ಗ್ಲುಟಮೇಟ್ ಬಿಡುತ್ತವೆ. ಇನ್ನೊಂದು ಬದಿಯಲ್ಲಿ, ಸ್ವಲ್ಪ ಹಿಂದಕ್ಕೆ ಜಾರಿದರೆ ಹಿಮ್ಮಿದುಳಿನ ಸೆರೊಟೋನಿನ್ ಕೋಶಗಳು ಬರುತ್ತವೆ. ಭ್ರೂಣದ ಕಸಿ ಪಡೆದವರಲ್ಲಿ ಕಂಡ ತಿರುಚಾಟಕ್ಕೆ ತುಣುಕಿನಲ್ಲಿ ಸೇರಿಕೊಂಡಿದ್ದ ಈ ಸೆರೊಟೋನಿನ್ ಕೋಶಗಳೂ ಒಂದು ಕಾರಣವಿರಬಹುದು ಎಂಬ ಗುಮಾನಿ ಇದೆ. ಹೀಗೆ ಎರಡು ತಪ್ಪು ನೆರೆಹೊರೆಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಕೋಶಗಳನ್ನು ನಿಲ್ಲಿಸಬೇಕು. ನಡುಮಿದುಳು ಮತ್ತು ಹಿಮ್ಮಿದುಳಿನ ಗಡಿಯಿಂದ ಭ್ರೂಣದಲ್ಲಿ ಹರಡುವ ಎಫ್‌ಜಿಎಫ್8 ಎಂಬ ಪ್ರೋಟೀನನ್ನು ಒಂಬತ್ತನೆಯ ದಿನದ ಸುಮಾರಿಗೆ ಸೇರಿಸಿದರೆ ಅದು ಸಾಧ್ಯವಾಗುತ್ತದೆ. ಮೊದಲೇ ಸೇರಿಸಿದರೆ ಅಷ್ಟು ಫಲವಿಲ್ಲ. ಆ ಗಡಿಯ ಸನಿಹದ ಕೋಶಗಳಲ್ಲಿ ಇರುವ ಇಎನ್1 ಎಂಬ ಗುರುತನ್ನು ಅಂದಿನಿಂದ ಪರೀಕ್ಷೆಯ ಪಟ್ಟಿಗೆ ಸೇರಿಸಿದರು.

ಇನ್ನು ಕಸಿಗೆ ಯಾವ ವಯಸ್ಸಿನ ಕೋಶ? ಪೂರ್ತಿ ಬಲಿತ, ಡೋಪಮೈನ್ ಬಿಡುತ್ತಿರುವ ನರಕೋಶವನ್ನೇ ಹಾಕಬಹುದಲ್ಲ ಅನ್ನಿಸುತ್ತದೆ. ಭತ್ತ ಬೆಳೆಯುವವರಿಗೆ ಇದರ ಉತ್ತರ ಗೊತ್ತು. ಮಡಿಯಲ್ಲಿ ಸಸಿ ತೀರಾ ಎಳಸಿದ್ದಾಗ ಕಿತ್ತರೆ ಗದ್ದೆಯಲ್ಲಿ ನಿಲ್ಲದು, ಬಲಿತ ಮೇಲೆ ಕಿತ್ತರೆ ಬೇರು ಹರಿದು ಚೇತರಿಸಿಕೊಳ್ಳದು. ಬಲಿತ ನರಕೋಶ ತಟ್ಟೆಯಲ್ಲಿ ಉದ್ದುದ್ದ ತಂತು ಚಾಚಿರುತ್ತದೆ; ಎಬ್ಬಿಸುವಾಗ ಅದು ಹರಿದು ಕೋಶ ಸಾಯುತ್ತದೆ. ತೀರಾ ಎಳೆಯದಾದರೆ ಅದಕ್ಕಿಂತ ದೊಡ್ಡ ಅಪಾಯ. ಆಕರಕೋಶವಾಗಿಯೇ ಉಳಿದ ಒಂದಷ್ಟು ಜೊತೆಗೆ ಹೋದರೆ ಮಿದುಳಿನೊಳಗೆ ಟೆರಟೋಮ ಎಂಬ ಗಡ್ಡೆ ಬೆಳೆಯಬಹುದು. ಲುಂಡ್ ಮತ್ತು ನ್ಯೂಯಾರ್ಕ್ ಗುಂಪುಗಳು ಹದಿನಾರನೆಯ ದಿನದ ಸುಮಾರಿನ ಪೂರ್ವಜ ಕೋಶಗಳನ್ನು ಆರಿಸಿಕೊಂಡವು. ಮುಂದೆ ಏನಾಗಬೇಕೆಂದು ಅವುಗಳಲ್ಲಿ ನಿಗದಿಯಾಗಿರುತ್ತದೆ, ಆದರೆ ತಂತು ಇನ್ನೂ ಚಾಚಿರುವುದಿಲ್ಲ. ಕ್ಯೋಟೋದ ಜುನ್ ತಕಹಾಶಿ ಬೇರೆ ದಾರಿ ಹಿಡಿದರು: ಹನ್ನೆರಡನೆಯ ದಿನದ ಆಸುಪಾಸು ಕೋರಿನ್ ಎಂಬ ಮೇಲ್ಮೈ ಪ್ರೋಟೀನ್ ಇರುವ ಕೋಶಗಳನ್ನು ಮಾತ್ರ ಯಂತ್ರದಿಂದ ಆರಿಸಿ, ಸಣ್ಣ ಉಂಡೆಗಳಾಗಿ ಕಟ್ಟಿಸಿ, ತಿಂಗಳವರೆಗೆ ಬೆಳೆಸಿ ಕಸಿ ಮಾಡಿದರು.

ತಯಾರಾದ ಕೋಶ ಆಪರೇಷನ್ ಥಿಯೇಟರ್ ತಲುಪುವ ಮೊದಲು ಎಷ್ಟೋ ಪರೀಕ್ಷೆಗಳನ್ನು ದಾಟಬೇಕು. ಆಕರಕೋಶದ ಗುರುತು ಒಂದರಲ್ಲೂ ಉಳಿದಿರಬಾರದು. ತಟ್ಟೆಯಲ್ಲಿ ತಿಂಗಳುಗಟ್ಟಲೆ ದ್ವಿಗುಣಗೊಳ್ಳುವಾಗ ಈ ಕೋಶಗಳು 20ನೆಯ ವರ್ಣತಂತುವಿನ ಒಂದು ತುಣುಕನ್ನು ನಕಲು ಮಾಡಿಕೊಂಡು ಬೇಗ ಬೆಳೆಯುವ ಚಾಳಿ ಕಲಿಯುತ್ತವೆ, ಅದನ್ನೂ ಹುಡುಕಬೇಕು. ಹೀಗೆ ಎಲ್ಲ ದಾಟಿ ಬಂದ ಕೋಶವನ್ನು ಅದು ಹುಟ್ಟಬೇಕಿದ್ದ ಕಪ್ಪು ಪಟ್ಟಿಯಲ್ಲಿ ಇಡುವುದಿಲ್ಲ ಎಂಬುದು ಮೊದಲ ಬಾರಿ ಕೇಳುವವರಿಗೆ ತಮಾಷೆಯಾಗಿ ಕಾಣುತ್ತದೆ. ಅಲ್ಲಿಂದ ತಂತು ಬಹುದೂರ ಸಾಗಿ ಗುರಿ ಮುಟ್ಟಬೇಕು. ವಯಸ್ಕರ ಮಿದುಳಿನಲ್ಲಿ ಅದನ್ನು ನೆಚ್ಚುವಂತಿಲ್ಲ. ಅದಕ್ಕೇ ಡೋಪಮೈನ್ ಬೇಕಾದ ಕಡೆ, ಪುಟಾಮೆನ್ ಎಂಬ ಭಾಗದಲ್ಲಿ, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಸೂಜಿಯಿಂದ ನೇರವಾಗಿ ಇಳಿಸುತ್ತಾರೆ.

2025ರ ಏಪ್ರಿಲ್‌ನಲ್ಲಿ ಎರಡು ಪ್ರಯೋಗಗಳ ಫಲ ಒಟ್ಟಿಗೆ ಪ್ರಕಟವಾಯಿತು. ಕ್ಯೋಟೋದಲ್ಲಿ ಏಳು ಜನರಿಗೆ ಬೇರೆಯವರ ಐಪಿಎಸ್ ಕೋಶಗಳಿಂದ ಬೆಳೆಸಿದ್ದನ್ನು ಹಾಕಿದ್ದರು, ಮೊದಲನೆಯವರಿಗೆ 2018ರಲ್ಲಿ. ಫಲ ಅಳೆದ ಆರು ಜನರಲ್ಲಿ ನಾಲ್ವರ ಚಲನೆ ‘ಆಫ್’ ಹೊತ್ತಿನಲ್ಲೂ ಸುಧಾರಿಸಿತು. ಸ್ಕ್ಯಾನ್‌ನಲ್ಲಿ ಪುಟಾಮೆನ್‌ನ ಡೋಪಮೈನ್ ತಯಾರಿಕೆ ಸರಾಸರಿ 44.7% ಏರಿದ್ದು ಕಂಡಿತು. ಅಮೆರಿಕ ಮತ್ತು ಕೆನಡಾದಲ್ಲಿ ಬ್ಲೂರಾಕ್ ಕಂಪನಿ ಭ್ರೂಣದ ಆಕರಕೋಶದಿಂದ ಬೆಳೆಸಿದ್ದನ್ನು ಹನ್ನೆರಡು ಜನರಿಗೆ ಹಾಕಿತು. ಕೆಲವರಿಗೆ ಪ್ರತಿ ಬದಿಗೆ 9 ಲಕ್ಷ ಕೋಶ, ಉಳಿದವರಿಗೆ 27 ಲಕ್ಷ. ಹೆಚ್ಚು ಕೋಶ ಪಡೆದವರ ಚಲನೆಯ ತೊಂದರೆ ಹದಿನೆಂಟು ತಿಂಗಳ ಹೊತ್ತಿಗೆ 132 ಅಂಕಗಳ ಮಾಪಕದಲ್ಲಿ ಸರಾಸರಿ 23 ಅಂಕ ಇಳಿಯಿತು. ಎರಡರಲ್ಲೂ ಗಡ್ಡೆ ಬೆಳೆಯಲಿಲ್ಲ, ಕಸಿಯಿಂದ ಹುಟ್ಟುವ ತಿರುಚಾಟವೂ ಕಾಣಲಿಲ್ಲ. ದೇಹ ಕಸಿಯನ್ನು ತಿರಸ್ಕರಿಸದಂತೆ ಒಂದು ವರ್ಷ ಅಥವಾ ಸ್ವಲ್ಪ ಹೆಚ್ಚು ಕಾಲ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಟ್ಟಿದ್ದರು. ಲುಂಡ್‌ನಲ್ಲಿ 2023ರ ಫೆಬ್ರವರಿಯಲ್ಲಿ ಮೊದಲ ರೋಗಿಗೆ ಕಸಿಯಾಗಿತ್ತು. ಅಲ್ಲಿನದು ಕೇಂಬ್ರಿಜ್ ಜೊತೆಗೂಡಿ ಎಂಟು ಜನರ ಪ್ರಯೋಗ. ಜಪಾನಿನ ಸುಮಿಟೊಮೊ ಕಂಪನಿ ಕ್ಯೋಟೋದ ಚಿಕಿತ್ಸೆಗೆ ಅನುಮತಿ ಕೋರಿ 2025ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿತು.

ನನಗೆ ಈ ಅಂಕಿಗಳು ಹಿತವೆನಿಸಿದರೂ ಅವುಗಳ ಮೇಲೆ ಹೆಚ್ಚು ಭಾರ ಹಾಕಲಾರೆ. ಹತ್ತೊಂಬತ್ತು ಜನ, ಹೋಲಿಸಿ ನೋಡಲು ಕಸಿಯಿಲ್ಲದ ಗುಂಪಿಲ್ಲ, ತಮ್ಮ ಮಿದುಳಿಗೆ ಹೊಸ ಕೋಶ ಬಂದಿದೆ ಎಂದು ಎಲ್ಲರಿಗೂ ಗೊತ್ತು. ಪಾರ್ಕಿನ್ಸನ್‌ನಲ್ಲಿ ಇದು ಸಣ್ಣ ವಿಷಯವಲ್ಲ. ವ್ಯಾಂಕೂವರ್‌ನ ಸಂಶೋಧಕರು 2001ರಲ್ಲಿ ತೋರಿಸಿದಂತೆ, ಔಷಧಿ ಎಂದು ನಂಬಿಸಿ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟರೂ ಈ ರೋಗಿಗಳ ಮಿದುಳು ಉಳಿದಿರುವ ಡೋಪಮೈನನ್ನು ನಿಜವಾಗಿಯೂ ಬಿಡುತ್ತದೆ. ಅದಕ್ಕೇ ಬ್ಲೂರಾಕ್ 2025ರಲ್ಲಿ ಶುರುಮಾಡಿದ ಸುಮಾರು 102 ಜನರ ಮೂರನೆಯ ಹಂತದ ಪ್ರಯೋಗದಲ್ಲಿ ಒಂದು ಗುಂಪಿಗೆ ಹುಸಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಇನ್ನೊಂದು ಪ್ರಶ್ನೆಗೆ ಕಾಲವೇ ಬೇಕು. ಭ್ರೂಣದ ಕಸಿ ಪಡೆದು ಹತ್ತಕ್ಕೂ ಹೆಚ್ಚು ವರ್ಷ ಕಳೆದು ತೀರಿಹೋದವರ ಮಿದುಳುಗಳನ್ನು ಪರೀಕ್ಷಿಸಿದಾಗ, ಹೊಸ ಕೋಶಗಳಲ್ಲೂ ಕಾಯಿಲೆಯ ಗುರುತಾದ ಲೂವಿ ಕಾಯಗಳೆಂಬ ಪ್ರೋಟೀನ್ ಉಂಡೆಗಳು ಸಿಕ್ಕವು ಎಂದು 2008ರಲ್ಲಿ ವರದಿಯಾಯಿತು. ಕಾಯಿಲೆ ಕಸಿಗೂ ದಾಟಬಲ್ಲದು, ಆದರೆ ನಿಧಾನವಾಗಿ, ಕೆಲವೇ ಕೋಶಗಳಿಗೆ. ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಗೇಡು, ಮರೆವು ಇವಕ್ಕೆ ಈ ಕಸಿ ಪರಿಹಾರವಾಗುವ ನಿರೀಕ್ಷೆಯಿಲ್ಲ. ಅವುಗಳ ಬೇರು ಬೇರೆ ಕಡೆ ಇದೆ.

ಕಸಿಯ ಸುದ್ದಿಯ ಅಬ್ಬರದಲ್ಲಿ ಮರೆಯಾಗುವ ಇನ್ನೊಂದು ಉಪಯೋಗವಿದೆ. ರೋಗಿಯ ಚರ್ಮ ಅಥವಾ ರಕ್ತದಿಂದ ಐಪಿಎಸ್ ಕೋಶ ಮಾಡಿ, ಅದರಿಂದ ಡೋಪಮೈನ್ ಕೋಶ ಬೆಳೆಸಿದರೆ, ಬದುಕಿರುವವರ ಮಿದುಳಿನಿಂದ ತೆಗೆಯಲಾಗದ ಕೋಶ ತಟ್ಟೆಯಲ್ಲೇ ಸಿಗುತ್ತದೆ. ಪಾರ್ಕಿನ್ಸನ್ ತರಬಲ್ಲ ಎಲ್‌ಆರ್‌ಆರ್‌ಕೆ2 ಜೀನಿನ ದೋಷವಿರುವ ಕುಟುಂಬದವರ ಕೋಶಗಳು ಯಾವ ಒತ್ತಡಕ್ಕೆ ಬೇಗ ಸೋಲುತ್ತವೆ ಎಂದು ಹೀಗೆ ನೋಡಿದ್ದಾರೆ. ಒಂದೇ ತೊಡಕು: ಐಪಿಎಸ್ ಮಾಡುವಾಗ ಎಪ್ಪತ್ತು ವರ್ಷದವರ ಕೋಶವೂ ಎಳೆಯದಾಗಿಬಿಡುತ್ತದೆ, ಮುಪ್ಪಿನ ಕಾಯಿಲೆ ಅದರಲ್ಲಿ ಸುಲಭಕ್ಕೆ ಕಾಣಿಸಿಕೊಳ್ಳುವುದಿಲ್ಲ. ಬೇಗ ಮುದಿಯಾಗಿಸುವ ಪ್ರೊಜೆರಿನ್ ಪ್ರೋಟೀನನ್ನು ಸೇರಿಸಿ ಸ್ಟೂಡರ್ ಗುಂಪು 2013ರಲ್ಲಿ ಕೋಶಗಳಿಗೆ ಕೃತಕ ಮುಪ್ಪು ತಂದಿತು.

ನಮ್ಮಲ್ಲೂ ಇದಕ್ಕೆ ಬೇಕಾದ ನೆಲೆಗಟ್ಟು ಇಲ್ಲದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಬಿಜೆಎನ್‌ಹೆಮ್19 ಮತ್ತು 20 ಎಂಬ ಮಾನವ ಭ್ರೂಣ ಆಕರಕೋಶ ತಳಿಗಳನ್ನು ಬೆಳೆಸಿತ್ತು. ಆದರೆ ಪಾರ್ಕಿನ್ಸನ್ ರೋಗಿಯ ಮನೆಯವರಿಗೆ ವಾಟ್ಸಾಪ್‌ನಲ್ಲಿ ಬರುವ ‘ಸ್ಟೆಮ್ ಸೆಲ್ ಚಿಕಿತ್ಸೆ’ಯ ಜಾಹೀರಾತುಗಳಿಗೂ ಇಲ್ಲಿ ಹೇಳಿದ್ದಕ್ಕೂ ಸಂಬಂಧವಿಲ್ಲ. ಅಂಥ ಕಡೆ ಸಾಮಾನ್ಯವಾಗಿ ಕೊಡುವುದು ಎಲುಬಿನ ಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು, ಅದೂ ರಕ್ತನಾಳಕ್ಕೋ ಬೆನ್ನುಹುರಿಯ ದ್ರವಕ್ಕೋ. ಅವು ಎ9 ನರಕೋಶಗಳಾಗುವುದಿಲ್ಲ, ಪುಟಾಮೆನ್ ಸೇರಿ ಅಲ್ಲಿ ತಂತು ಹರಡುವುದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದೆಲ್ಲ ಆಕರಕೋಶ ಬಳಕೆಯೂ ಇನ್ನೂ ಸಂಶೋಧನೆ. ಅಂದರೆ ಅದು ನೋಂದಾಯಿತ ಪ್ರಯೋಗದೊಳಗೆ ಮಾತ್ರ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ವಸೂಲು ಮಾಡುವಂತಿಲ್ಲ. ಪ್ಯಾಕೇಜ್ ದರ ಹೇಳುವವರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ಅವರ ಪ್ರಯೋಗದ ನೋಂದಣಿ ಸಂಖ್ಯೆ ಯಾವುದು ಎಂಬುದು. ಎರಡನೆಯದು, ಆ ಕೋಶ ಮೂಲದಲ್ಲಿ ಎಲ್ಲಿಯದು ಮತ್ತು ಮಿದುಳಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದು.